ಪದಚರ್ಚೆ: ‘ವೀನರ್‌ಮೊಬೈಲ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಮಕ್ಕಳಿಗಾಗಿ ಹಳೇ ಗಾಡಿಗಳ ಬಗ್ಗೆ ಬರೆಯುತ್ತಾ ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ. ಆಸ್ಕರ್ ಮೇಯರ್ ಅಮೆರಿಕದ ಮಾಂಸದ ಕಂಪನಿ. 1936ರಲ್ಲಿ ಅದು ಪ್ರಚಾರಕ್ಕಾಗಿ ಶಿಕಾಗೋದಲ್ಲಿ ಸಾಸೇಜ್ (ಕೊಚ್ಚಿದ ಮಾಂಸ ತುಂಬಿದ ಉದ್ದನೆಯ ತಿನಿಸು) ಆಕಾರದ ಕಾರೊಂದನ್ನು ಕಟ್ಟಿಸಿತು. ಅದು 13 ಅಡಿ ಉದ್ದವಿತ್ತು. ಈಗಿನವು 27 ಅಡಿ, ಬನ್ನಿನ ಮೇಲೆ ಮಲಗಿದ ದೊಡ್ಡ ಸಾಸೇಜ್. 1952ರ ಒಂದು ಗಾಡಿ ಅಮೆರಿಕದ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ. ಹೆಸರು ವೀನರ್‌ಮೊಬೈಲ್.

‘ವೀನರ್’ ಸುಲಭ. ಜರ್ಮನ್ನರು ವಿಯೆನ್ನಾವನ್ನು ವೀನ್ ಅನ್ನುತ್ತಾರೆ, ವೀನರ್ ಅಂದರೆ ಆ ಊರಿನದು, ಇಲ್ಲಿ ಆ ಊರಿನ ಸಾಸೇಜ್. ನಮ್ಮ ಮದ್ದೂರು ವಡೆ, ಧಾರವಾಡ ಪೇಡದ ಹಾಗೆ. ಆದರೆ ಇಲ್ಲಿ ವಡೆ ಬಿದ್ದುಹೋಗಿ ಮದ್ದೂರಷ್ಟೇ ಉಳಿದಿದೆ! 2023ರಲ್ಲಿ ಕೆಲವು ತಿಂಗಳು ಇದನ್ನು ಫ್ರಾಂಕ್‌ಮೊಬೈಲ್ ಅಂತ ಕರೆದರು. ಅದೂ ಊರೇ, ಫ್ರಾಂಕ್‌ಫರ್ಟ್.

ತೊಂದರೆ ಇರುವುದು ಬಾಲದಲ್ಲಿ. ಅದು ‘ಆಟೊಮೊಬೈಲ್’ನಿಂದ ಕತ್ತರಿಸಿಕೊಂಡ ಬಾಲ. ನಮಗೆ ಮೊಬೈಲ್ ಅಂದರೆ ಫೋನು. ಮಗಳಿಗೆ ಓದಿ ಹೇಳಿದರೆ, “ಸಾಸೇಜ್ ಥರ ಇರೋ ಫೋನಾ?” ಅಂದಳು.

‘ಸಾಸೇಜ್ ಗಾಡಿ’ ಅನ್ನೋಣ ಅಂದರೆ ಅದು ಮಾರುವ ಗಾಡಿ ಆಗಿಬಿಡುತ್ತದೆ. ಪಾನಿಪೂರಿ ಗಾಡಿಯಲ್ಲಿ ಪಾನಿಪೂರಿ ಮಾರುತ್ತಾರೆ, ಎತ್ತಿನ ಗಾಡಿಯನ್ನು ಎತ್ತು ಎಳೆಯುತ್ತದೆ, ಕಬ್ಬಿನ ಗಾಡಿ ಕಬ್ಬು ಹೊರುತ್ತದೆ. ಇಲ್ಲಿ ಮಾರುವುದೂ ಇಲ್ಲ, ಹೊರುವುದೂ ಇಲ್ಲ. ಮಕ್ಕಳಿಗೆ ಸಾಸೇಜ್ ಆಕಾರದ ಪುಟ್ಟ ಸೀಟಿ ಹಂಚುತ್ತಾರೆ, ಅಷ್ಟೇ. ದಸರಾದ ‘ಸ್ತಬ್ಧಚಿತ್ರ’ವೂ ಹೊಂದುವುದಿಲ್ಲ. ಅದನ್ನು ಗಾಡಿಯ ಮೇಲೆ ಕಟ್ಟುತ್ತಾರೆ, ಇಲ್ಲಿ ಗಾಡಿಯೇ ಸಾಸೇಜ್.

ಆಮೇಲೆ ದೇವಸ್ಥಾನದ ಉತ್ಸವ ನೆನಪಾಯಿತು. ಹಂಸವಾಹನ, ಸಿಂಹವಾಹನ, ಗರುಡವಾಹನ. ಹಂಸದ ಆಕಾರದಲ್ಲೇ ವಾಹನ ಇರುತ್ತದೆ ಅಲ್ವಾ? ಮಾದರಿ ಸರಿಯಾಗಿ ಕೂರುತ್ತದೆ. ಆದರೆ ಗರುಡವಾಹನ ಅಂದರೆ ವಿಷ್ಣುವೂ ಹೌದು. ಹಾಗೆ ನೋಡಿದರೆ ‘ಸಾಸೇಜ್‌ವಾಹನ’ ಅಂದಾಗ ಡ್ರೈವರೇ ಆಗಿಬಿಡುತ್ತಾನೆ. (ಆ ಡ್ರೈವರ್‌ಗಳಿಗೆ ಆಗಲೇ ‘ಹಾಟ್‌ಡಾಗರ್’ ಅನ್ನೋ ಹೆಸರಿದೆ, ಪಾಪ. ಹಾಟ್‌ಡಾಗ್ ಅಂದರೆ ಬನ್ನಿನಲ್ಲಿಟ್ಟ ಸಾಸೇಜ್.) ದೇವರ ಪಲ್ಲಕ್ಕಿಯ ಪಕ್ಕ ಸಾಸೇಜ್ ಇಡಲು ನನಗಂತೂ ಧೈರ್ಯವಿಲ್ಲ.

ಸದ್ಯಕ್ಕೆ ಸುಮ್ನೆ ‘ಸಾಸೇಜ್ ಕಾರು’ ಅಂತ ಬರೆದಿಟ್ಟಿದ್ದೇನೆ. ಕಾರಿನಲ್ಲಿ ತಿಂಡಿ ಮಾರುವುದು ಕಡಿಮೆ, ಹಾಗಾಗಿ ಮಗಳು ಆಕಾರವನ್ನೇ ಊಹಿಸಿಕೊಂಡಳು. ನಿಮ್ಮ ಕಡೆ ಆಕಾರದಿಂದಲೇ ಹೆಸರು ಪಡೆದ ಗಾಡಿ, ಬಂಡಿ ಏನಾದರೂ ಇದೆಯಾ? ಇದ್ದರೆ ಯಾವ ಊರಿನ ಮಾತು ಅಂತಲೂ ತಿಳಿಸಿ.