ತಾಲ್ಲೂಕು ಆಸ್ಪತ್ರೆಗೆ ಇನ್ನೆರಡು ಡಯಾಲಿಸಿಸ್ ಯಂತ್ರ ಕೇಳಬೇಕೇ, ಮೂರನೇ ಪಾಳಿ ಕೇಳಬೇಕೇ?

ಪ್ರಶ್ನೆ: ನಿವೃತ್ತ ಗಣಿತ ಶಿಕ್ಷಕ, ರಾಯಚೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಸಿಂಧನೂರು ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ನಾನೊಬ್ಬ ಸದಸ್ಯ. ಡಯಾಲಿಸಿಸ್ ಘಟಕದಲ್ಲಿ ಐದು ಯಂತ್ರಗಳಿವೆ. ಒಂದನ್ನು ಹೆಪಟೈಟಿಸ್ ಬಿ ಇರುವವರಿಗೆಂದು ಬೇರೆ ಇಟ್ಟಿದ್ದಾರೆ. ಬೆಳಿಗ್ಗೆ, ಮಧ್ಯಾಹ್ನ ಎರಡು ಪಾಳಿ ನಡೆಯುತ್ತವೆ. ಜಾಗ ಸಿಗದವರ ಪಟ್ಟಿ ಮಾತ್ರ ಬೆಳೆಯುತ್ತಲೇ ಇದೆ. ಅವರೆಲ್ಲ ರಾಯಚೂರಿಗೋ ಬಳ್ಳಾರಿಗೋ ಅಲೆಯುತ್ತಾರೆ. ಸಿಂಧನೂರಿನಿಂದ ರಾಯಚೂರಿಗೇ 80 ಕಿ.ಮೀ.ಗಿಂತ ಹೆಚ್ಚು, ಹಳ್ಳಿಯಿಂದ ಸಿಂಧನೂರಿಗೆ ಬರುವ ದಾರಿ ಬೇರೆ.

ಅಕ್ಕಿ ಗಿರಣಿಯ ಮಾಲೀಕರೊಬ್ಬರು ಒಂದು ಯಂತ್ರ ಕೊಡಲು ಮುಂದೆ ಬಂದಿದ್ದಾರೆ. ಇನ್ನೊಂದನ್ನು ಸರ್ಕಾರದಿಂದ ಕೇಳೋಣ ಎಂಬುದು ಸಮಿತಿಯ ಹೆಚ್ಚಿನವರ ಮಾತು. ನಾನು ಲೆಕ್ಕ ಹಾಕಿ ನೋಡಿದೆ. ನಾಲ್ಕು ಯಂತ್ರ, ಎರಡು ಪಾಳಿ, ಆರು ದಿನ: ವಾರಕ್ಕೆ 48 ಸರದಿ. ವೈದ್ಯರು ಹೇಳುವಂತೆ ವಾರಕ್ಕೆ ಮೂರು ಸಲ ಕೊಟ್ಟರೆ 16 ಜನರಿಗೆ ಸಾಲುತ್ತದೆ, ಎರಡೇ ಸಲ ಕೊಟ್ಟರೆ 24 ಜನರಿಗೆ. ನಮ್ಮಲ್ಲಿ ಎಲ್ಲರಿಗೂ ಎರಡೇ ಸಲ. ಎರಡು ಯಂತ್ರ ಸೇರಿಸಿದರೆ 72 ಸರದಿ ಆಗುತ್ತದೆ. ಯಂತ್ರವನ್ನೇ ಸೇರಿಸದೆ ಮೂರನೇ ಪಾಳಿ ನಡೆಸಿದರೂ ಅದೇ 72! ಹಾಗಿದ್ದರೆ ಯಾವುದನ್ನು ಕೇಳುವುದು ಸರಿ? ಒಳಗಿನ ಕೆಲಸ ಬಲ್ಲವರು ದಯವಿಟ್ಟು ಹೇಳಿ.

ಉತ್ತರ: ಡಯಾಲಿಸಿಸ್ ತಂತ್ರಜ್ಞೆ, ಬಳ್ಳಾರಿ

ಸರ್, ನಿಮ್ಮ ಗುಣಾಕಾರ ಸರಿಯಾಗಿದೆ. ಆದರೆ ಅದರಲ್ಲಿ ನೀರು ಸೇರಿಲ್ಲ. ಮೊದಲು ಘಟಕದ ಹಿಂದಿರುವ, ನೀರು ಶುದ್ಧ ಮಾಡುವ ಆರ್‌ಒ ಕೋಣೆಗೆ ಹೋಗಿ ನೋಡಿ. ಸಾಮಾನ್ಯವಾಗಿ ಯಂತ್ರದಲ್ಲಿ ನಿಮಿಷಕ್ಕೆ 500 ಮಿ.ಲೀ. ಡಯಾಲಿಸಿಸ್ ದ್ರಾವಣ ಹರಿಯುತ್ತದೆ. ಅಂದರೆ ಗಂಟೆಗೆ 30 ಲೀಟರ್, ನಾಲ್ಕು ಗಂಟೆಯ ಒಂದು ಸರದಿಗೆ 120 ಲೀಟರ್. ಅಷ್ಟು ಶುದ್ಧ ನೀರು ಕೊಡಲು ಆರ್‌ಒ ಬಹಳಷ್ಟು ನೀರನ್ನು ಹೊರಗೆ ಬಿಡುತ್ತದೆ. ಹಾಗಾಗಿ ಒಂದು ಸರದಿಗೆ 250 ಲೀಟರ್ ಕಚ್ಚಾ ನೀರು ಬೇಕೆಂದು ನಾನು ಹಿಡಿಯುತ್ತೇನೆ.

ಈಗ ವ್ಯತ್ಯಾಸ ನೋಡಿ. ಐದು ಯಂತ್ರಗಳು ಒಟ್ಟಿಗೆ ಓಡಿದರೆ ಗಂಟೆಗೆ 150 ಲೀಟರ್ ಶುದ್ಧ ನೀರು ಬೇಕು, ಏಳು ಓಡಿದರೆ 210. ನಿಮ್ಮ ಆರ್‌ಒಗೆ ಆ ಶಕ್ತಿ ಇಲ್ಲದಿದ್ದರೆ ಹೊಸ ಯಂತ್ರಗಳು ಗೋಡೆಗೆ ಒರಗಿ ನಿಲ್ಲುತ್ತವೆ. ಮೂರನೇ ಪಾಳಿಯಲ್ಲಿ ಗಂಟೆಯ ಬೇಡಿಕೆ ಏರುವುದಿಲ್ಲ, ದಿನದ ಒಟ್ಟು ಮಾತ್ರ ಏರುತ್ತದೆ. ಅದಕ್ಕೆ ದೊಡ್ಡ ತೊಟ್ಟಿ ಸಾಕು. ನಮ್ಮ ಸೀಮೆಯ ಬೋರ್‌ವೆಲ್ ನೀರು ಗಡಸು, ಎಷ್ಟೋ ಕಡೆ ಫ್ಲೋರೈಡ್ ಕೂಡ ಇದೆ. ಆರ್‌ಒ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ಭಯ. ಕ್ಲೋರಿನ್ ತೆಗೆಯುವ ಕಾರ್ಬನ್ ಟ್ಯಾಂಕನ್ನೂ ದಾಟಿ ಅದು ಬಂದರೆ ರೋಗಿಯ ಕೆಂಪು ರಕ್ತಕಣಗಳು ಒಡೆಯುತ್ತವೆ. ಪ್ರತಿ ಪಾಳಿಗೂ ಮೊದಲು ನೀರನ್ನು ಪರೀಕ್ಷಿಸಲೇಬೇಕು. ಅದನ್ನು ಮಾಡಲು ಕೈಗಳು ಬೇಕಲ್ಲವೇ? ಒಬ್ಬ ತಂತ್ರಜ್ಞರ ಮೇಲೆ ಮೂರಕ್ಕಿಂತ ಹೆಚ್ಚು ಯಂತ್ರಗಳ ಹೊಣೆ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನಡುವೆ ರಕ್ತದೊತ್ತಡ ಕುಸಿದವರನ್ನು ಕೂಡಲೇ ನೋಡದಿದ್ದರೆ ಜೀವಕ್ಕೇ ಅಪಾಯ.

ದಾನಿಗಳ ಯಂತ್ರವನ್ನು ಬೇಡ ಎನ್ನಬೇಡಿ, ಬದಲಿ ಯಂತ್ರವಾಗಿ ಇಟ್ಟುಕೊಳ್ಳಿ. ಈಗ ಒಂದು ಯಂತ್ರ ಕೆಟ್ಟರೆ ವಾರಕ್ಕೆ 12 ಸರದಿ ಹೋಗುತ್ತದೆ. ಆರು ಜನ ಬೀದಿಗೆ ಬೀಳುತ್ತಾರೆ.

ಉತ್ತರ: ರೋಗಿಯ ಮಗಳು, ಕುಷ್ಟಗಿ ತಾಲ್ಲೂಕು

ಸರ್, ಮೂರನೇ ಪಾಳಿ ಎಷ್ಟಕ್ಕೆ ಮುಗಿಯುತ್ತದೆ? ಬೆಳಿಗ್ಗೆ ಆರಕ್ಕೆ ಶುರು ಮಾಡಿ, ನಡುವೆ ಯಂತ್ರ ತೊಳೆಯಲು ಒಂದೊಂದು ಗಂಟೆ ಬಿಟ್ಟರೂ ರಾತ್ರಿ ಎಂಟಾಗುತ್ತದೆ. ಎಂಟರ ಮೇಲೆ ನಮ್ಮೂರಿಗೆ ಬಸ್ಸಿಲ್ಲ. ಡಯಾಲಿಸಿಸ್ ಮುಗಿದ ಮೇಲೆ ಅಪ್ಪನಿಗೆ ನಿಲ್ಲಲೂ ಆಗುವುದಿಲ್ಲ, ಅವರನ್ನು ಬಸ್ ನಿಲ್ದಾಣದಲ್ಲಿ ಮಲಗಿಸಲೇ? ಶಕ್ತಿ ಯೋಜನೆಯಿಂದ ನನಗೆ ಟಿಕೆಟ್ ಇಲ್ಲ, ಅಪ್ಪನಿಗೆ ಇದೆ. ನನ್ನ ಆ ದಿನದ ಕೂಲಿ ಹೋಗುತ್ತದೆ. ಭತ್ತದ ಕೊಯ್ಲಿನ ಕಾಲದಲ್ಲಿ ಜೊತೆಗೆ ಬರುವವರಿಲ್ಲದೆ ಸರದಿ ತಪ್ಪಿಸಿಕೊಳ್ಳುವವರನ್ನು ನೋಡಿದ್ದೇನೆ. ಆಮೇಲೆ ಮೈಯೆಲ್ಲ ನೀರು ತುಂಬಿ, ಉಸಿರು ಕಟ್ಟಿ ಬರುತ್ತಾರೆ. ರಾತ್ರಿಯ ಪಾಳಿ ಪಟ್ಟಣದೊಳಗಿನವರಿಗೆ ಇರಲಿ. ಹಳ್ಳಿಯವರಿಗೆ ನಡುವಿನ ಪಾಳಿ ಕೊಡಿ.

ಉತ್ತರ: ಸಮುದಾಯ ಆರೋಗ್ಯ ವೈದ್ಯ, ಕೊಪ್ಪಳ

ಮೇಷ್ಟ್ರೇ, ಮೇಲಿನ ತಂಗಿಯ ಮಾತನ್ನು ಸಭೆಯಲ್ಲಿ ಓದಿ ಹೇಳಿ.

ನನ್ನದು ಇನ್ನೊಂದು ಲೆಕ್ಕ. ಹೆರಿಗೆ ವಾರ್ಡಿನ ಹಾಸಿಗೆ ಕೆಲವೇ ದಿನಗಳಲ್ಲಿ ಖಾಲಿಯಾಗುತ್ತದೆ. ಡಯಾಲಿಸಿಸ್ ಸರದಿ ಹಾಗಲ್ಲ. ಮೂತ್ರಪಿಂಡ ಪೂರ್ತಿ ಸೋತವರು ಕಸಿ ಆಗುವವರೆಗೆ, ಇಲ್ಲವೇ ಬದುಕಿರುವವರೆಗೆ ಬರುತ್ತಾರೆ. ಉದಾಹರಣೆಗೆ ತಿಂಗಳಿಗೆ ಇಬ್ಬರು ಹೊಸಬರು ಸೇರಿ, ಒಬ್ಬೊಬ್ಬರು ಸರಾಸರಿ ಎರಡೂವರೆ ವರ್ಷ ಚಿಕಿತ್ಸೆಯಲ್ಲಿದ್ದರೆ, ಸಂಖ್ಯೆ 60ರವರೆಗೆ ಏರಿಯೇ ನಿಲ್ಲುತ್ತದೆ. ನಿಮ್ಮ 72 ಸರದಿ, ವಾರಕ್ಕೆ ಎರಡೇ ಸಲ ಕೊಟ್ಟರೂ, 36 ಜನರಿಗೆ. ಚಿಕಿತ್ಸೆ ಚೆನ್ನಾಗಿದ್ದಷ್ಟೂ ಜನ ಹೆಚ್ಚು ಕಾಲ ಬದುಕುತ್ತಾರೆ, ಬೇಡಿಕೆಯೂ ಹೆಚ್ಚುತ್ತದೆ. ನಾವು ಬಯಸಬೇಕಾದದ್ದೂ ಅದನ್ನೇ.

ಆದ್ದರಿಂದ ಘಟಕದ ನೋಂದಣಿ ಪುಸ್ತಕ ತರಿಸಿ, ಬಿಟ್ಟು ಹೋದವರ ಹೆಸರುಗಳನ್ನು ನೋಡಿ. ತೀರಿಕೊಂಡರೇ, ಕಸಿ ಆಯಿತೇ, ಬೇರೆ ಊರಿಗೆ ಹೋದರೇ, ಖರ್ಚು ತಾಳದೆ ನಿಲ್ಲಿಸಿದರೇ? ನಿಲ್ಲಿಸಿದವರನ್ನು ಎಣಿಸದೆ ಬೇಡಿಕೆ ಇಳಿದಿದೆ ಎಂದು ಬರೆಯುವ ಕಡತ ನನಗೆ ಸಂಕಟ ತರುತ್ತದೆ.

ದೂರದವರಿಗೆ ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಇದೆ. 2016ರಲ್ಲಿ ಘೋಷಣೆಯಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮಕ್ಕೆ 2019ರಲ್ಲಿ ಇದರ ಮಾರ್ಗಸೂಚಿಯೂ ಸೇರಿತು. ದಿನಕ್ಕೆ ಮೂರು ನಾಲ್ಕು ಸಲ ದ್ರವ ಬದಲಾಯಿಸಬೇಕು. ಶುಚಿ ತಪ್ಪಿದರೆ ಹೊಟ್ಟೆಯೊಳಗೆ ಸೋಂಕು. ಎಲ್ಲರಿಗೂ ಹೊಂದುವುದಿಲ್ಲ, ಆದರೆ ಕೆಲವರಿಗೆ ಬಸ್ಸಿನ ಹಂಗೇ ತಪ್ಪುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಇರುವವರ ಕ್ರಿಯೇಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆಯನ್ನೂ ಪಟ್ಟು ಹಿಡಿದು ಕೇಳಿ. ಮೊದಲೇ ಗೊತ್ತಾದರೆ ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿಗೆಂದು ಎರಡು ರಕ್ತನಾಳ ಸೇರಿಸುವ ಜೋಡಣೆ) ಮಾಡಿಸಿ, ಅದು ಬಲಿಯಲು ಆರೆಂಟು ವಾರ ಕೊಡಬಹುದು. ಕುತ್ತಿಗೆಗೆ ನಳಿಕೆ ಹಾಕಿಸಿಕೊಂಡು ಬರುವ ಪ್ರಮೇಯ ಎಷ್ಟೋ ಜನರಿಗೆ ತಪ್ಪುತ್ತದೆ.

ಮರು ಉತ್ತರ: ಪ್ರಶ್ನೆ ಕೇಳಿದವರು

ಮೂವರಿಗೂ ಋಣಿ. ಮೂರನೇ ಪಾಳಿ, ಅದಕ್ಕೆ ಬೇಕಾದ ತಂತ್ರಜ್ಞರು, ನೀರಿನ ತೊಟ್ಟಿ: ಮನವಿಯಲ್ಲಿ ಇವು ಮೊದಲು. ಗಿರಣಿ ಮಾಲೀಕರ ಯಂತ್ರ ಬದಲಿಗೆ ಇರಲಿ, ಅದರ ದುರಸ್ತಿ ಒಪ್ಪಂದವನ್ನೂ ಅವರಿಂದಲೇ ಮಾಡಿಸಿಕೊಳ್ಳಲು ಕೇಳುತ್ತೇನೆ. ಪಾಳಿ ಹಂಚುವ ಮೊದಲು ಪ್ರತಿ ರೋಗಿಯ ಊರು ಮತ್ತು ಕೊನೆಯ ಬಸ್ಸಿನ ಸಮಯ ಬರೆಸುತ್ತೇನೆ. ತಂಗೀ, ನಿಮ್ಮೂರಿನ ಬಸ್ ವೇಳಾಪಟ್ಟಿ ಇದ್ದರೆ ಇಲ್ಲಿ ಹಾಕಿ. ಪಟ್ಟಿಯನ್ನು ಹೇಗೆ ಮಾಡಬೇಕೆಂದು ಸಮಿತಿಗೆ ತೋರಿಸಲು ಒಂದು ಮಾದರಿ ಬೇಕು.