ಸಹಾಯ ಬೇಕು: ಹಳೇ ಮೆಟಾಲಿಕಾ ಕ್ಯಾಸೆಟ್ ಬಿಚ್ಚುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೆಟಾಲಿಕಾ ಅನ್ನೋ ಮೆಟಲ್ ಬ್ಯಾಂಡ್‌ನ 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್' ಕ್ಯಾಸೆಟ್ ಮತ್ತೆ ಕೇಳೋಣ ಅಂತ ಹೊರತೆಗೆದೆ. ಶಬ್ದ ಪೂರ್ತಿ ಮಂಕು. 'ಒನ್' ಹಾಡಿನ ಕೊನೆಯಲ್ಲಿ ಗುಂಡು ಹಾರಿಸಿದ ಹಾಗೆ ಬರುವ ಡಬಲ್ ಬೇಸ್ ಡ್ರಮ್ ಮಾತ್ರ ಗುಡುಗುಡು ಅಂತ ಕೇಳುತ್ತದೆ, ಗಿಟಾರ್ ಎಲ್ಲೋ ದೂರದಲ್ಲಿದೆ. ಈ ಆಲ್ಬಂನಲ್ಲಿ ಬೇಸ್ ಗಿಟಾರ್ ಮೊದಲೇ ಕೇಳಿಸುವುದಿಲ್ಲ, ಅದು ಬೇರೆ ಮಾತು!

ಟಾರ್ಚ್ ಹಿಡಿದು ನೋಡಿದರೆ ಟೇಪನ್ನು ಪ್ಲೇಯರ್‌ನ ಹೆಡ್‌ಗೆ (ಟೇಪ್ ಓದುವ ಭಾಗ) ಒತ್ತುವ ಪುಟ್ಟ ಫೆಲ್ಟ್ ಪ್ಯಾಡ್ ಉದುರಿಹೋಗಿದೆ. ತಗಡಿನ ಪಟ್ಟಿ ಬರೀ ಅಂಟಿನ ಕಲೆಯೊಂದಿಗೆ ನಿಂತಿದೆ. ಟೇಪ್ ಚೆನ್ನಾಗಿದೆ, ಎಲ್ಲೂ ಸುಕ್ಕಿಲ್ಲ. ಬೇರೆ ಕ್ಯಾಸೆಟ್‌ಗಳು ಇದೇ ಪ್ಲೇಯರ್‌ನಲ್ಲಿ ಸ್ಪಷ್ಟವಾಗಿ ಕೇಳುತ್ತವೆ, ಹಾಗಾಗಿ ಹೆಡ್ ಮೇಲೆ ಅನುಮಾನವಿಲ್ಲ.

ತೊಂದರೆ ಏನಂದ್ರೆ, ಇದಕ್ಕೆ ಸ್ಕ್ರೂ ಇಲ್ಲ, ಅಂಟಿಸಿದ ಶೆಲ್ (ಹೊರಗಿನ ಪ್ಲಾಸ್ಟಿಕ್ ಕವಚ). ಟೇಪ್‌ಗೆ ಏಟಾಗದಂತೆ ಸೀಳಿ, ಸ್ಕ್ರೂ ಇರುವ ಖಾಲಿ ಶೆಲ್‌ಗೆ ಬದಲಾಯಿಸಿದವರು ಯಾರಾದ್ರೂ ಇದ್ದೀರಾ? ಬ್ಲೇಡ್ ಯಾವ ಕಡೆಯಿಂದ ಹಾಕಬೇಕು? ಅಥವಾ ಶೆಲ್ ಮುಟ್ಟದೆ ಮುಂದಿನ ಕಿಂಡಿಯಿಂದಲೇ ಹೊಸ ಪ್ಯಾಡ್ ಅಂಟಿಸಿದರೆ ನಿಲ್ಲುತ್ತದಾ? ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಖಾಲಿ ಶೆಲ್ ಸಿಗುವ ಅಂಗಡಿ ಗೊತ್ತಿದ್ದರೂ ಹೇಳಿ. ಯೂಟ್ಯೂಬಲ್ಲಿ ಕೇಳು ಅನ್ನಬೇಡಿ, ಅದು ಇದ್ದೇ ಇದೆ ಅಲ್ವಾ.