ರಸ್ತೆ ಅಗೆದವರಿಂದ ಕೇಳಬೇಕಾದ್ದು ಬಾಡಿಗೆ ಅಲ್ಲ, ರಸ್ತೆ

ಸುರೇಶಣ್ಣ, ನಿಮ್ಮ ಮೆಸೇಜ್ ನೋಡಿದೆ, ಐರಿನ್ ಬಾಯಿ ಗ್ರೂಪಿಗೆ ಹಾಕಿದ ಫೋಟೊಗಳನ್ನೂ ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಇದ್ದಾಗ ಓದಿ. ಈ ಕೇಬಲ್ ಕಂಪನಿಗೆ ನಮ್ಮ ರಸ್ತೆ ಅಗೆಯಲು ಪಾಲಿಕೆ ಅನುಮತಿಯನ್ನೇ ಕೊಡಬಾರದು, ಕೊಟ್ಟರೆ ಲಕ್ಷಗಟ್ಟಲೆ ಬಾಡಿಗೆ ವಸೂಲಿ ಮಾಡಬೇಕು, ಅಮೆರಿಕದಲ್ಲಿ ಊರಿನವರು ಹಾಗೇ ಮಾಡುತ್ತಾರೆ ಅಂತ ನೀವು ಬರೆದಿದ್ದೀರಿ. ಸಿಟ್ಟು ನನಗೂ ಉಂಟು. ಆದ್ರೆ ಈ ಎರಡು ಬೇಡಿಕೆ ಹಿಡ್ಕೊಂಡು ಲಾಲ್‌ಬಾಗ್‌ನ ಮಂಗಳೂರು ಪಾಲಿಕೆ ಕಚೇರಿಗೆ ಹೋದರೆ ಬರಿಗೈಯಲ್ಲಿ ವಾಪಸ್ ಬರುತ್ತೇವೆ ಮಾರಾಯ್ರೆ.

ಯಾಕೆ ಅಂದ್ರೆ ರಸ್ತೆ ಪಾಲಿಕೆಯದ್ದು, ಆದರೆ ದೂರಸಂಪರ್ಕ ಕೇಂದ್ರ ಸರ್ಕಾರದ ವಿಷಯ. 1885ರ ಟೆಲಿಗ್ರಾಫ್ ಕಾಯ್ದೆಯ ಕಾಲದಿಂದಲೂ ಹಾಗೇ. 2016ರ ನವೆಂಬರಿನಲ್ಲಿ ರೈಟ್ ಆಫ್ ವೇ ನಿಯಮ ಬಂತು, ಅಂದ್ರೆ ಕೇಬಲ್, ಟವರ್ ಹಾಕಲು ಜಾಗ ಬಳಸುವ ಹಕ್ಕಿನ ನಿಯಮ. ಅದರ ಪ್ರಕಾರ ಅರ್ಜಿ ಬಂದ 60 ದಿನದೊಳಗೆ ಪಾಲಿಕೆ ತೀರ್ಮಾನ ಹೇಳಬೇಕಿತ್ತು, ಸುಮ್ನೆ ಕೂತರೆ ಅನುಮತಿ ಕೊಟ್ಟ ಹಾಗೇ ಲೆಕ್ಕ. ಬೇಡ ಅನ್ನಬಹುದಿತ್ತು, ಆದ್ರೆ ಮೊದಲು ಕಂಪನಿಯ ಮಾತು ಕೇಳಬೇಕಿತ್ತು, ಕಾರಣ ಬರೆದು ಕೊಡಬೇಕಿತ್ತು. ನೆಲದಡಿಯ ಕೇಬಲಿಗೆ ಶುಲ್ಕ ಕಿಲೋಮೀಟರಿಗೆ 1,000 ರೂಪಾಯಿ ಮೀರುವ ಹಾಗಿರಲಿಲ್ಲ. ಅದು ಮತ್ತು ರಸ್ತೆ ಸರಿಮಾಡುವ ಖರ್ಚು, ಅಷ್ಟೇ. ಆಮೇಲೆ 2023ರ ಟೆಲಿಕಮ್ಯುನಿಕೇಶನ್ಸ್ ಕಾಯ್ದೆ ಬಂತು, ಅದರಡಿಯ 2024ರ ಹೊಸ ನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿ ಉಂಟು. ದಾರಿ ಮಾತ್ರ ಅದೇ: ಗಡುವಿನೊಳಗೆ ಉತ್ತರ, ಇಲ್ಲದಿದ್ದರೆ ಅನುಮತಿ. ಮೊಬೈಲ್ ಟವರಿಗೆ ಆಸ್ತಿ ತೆರಿಗೆ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿತ್ತು. 2023ರ ಕಾಯ್ದೆಯಲ್ಲಿ ಟವರ್, ಕೇಬಲ್ ಎಲ್ಲ ಅವು ಇರುವ ಜಾಗದ ಆಸ್ತಿಯಿಂದ ಬೇರೆ ಅಂತ ಬರೆದು ಆ ತೆರಿಗೆಯ ಬಾಗಿಲನ್ನೂ ಮುಚ್ಚಿಬಿಟ್ಟರು.

ಇನ್ನು ಅಮೆರಿಕ. ಅಲ್ಲಿ 1996ರ ಕಾಯ್ದೆಯಲ್ಲಿ ಊರಾಡಳಿತಕ್ಕೆ ತನ್ನ ರಸ್ತೆ ನಿಭಾಯಿಸುವ ಹಕ್ಕು ಉಂಟು, ನ್ಯಾಯವಾದ ಶುಲ್ಕ ಕೇಳುವ ಹಕ್ಕೂ ಉಂಟು, ಆದ್ರೆ ಕಂಪನಿಯನ್ನು ಬರಲೇಬೇಡ ಅನ್ನುವ ಹಾಗಿಲ್ಲ. 2018ರಲ್ಲಿ ಅಲ್ಲಿನ ಕೇಂದ್ರ ದೂರಸಂಪರ್ಕ ಆಯೋಗ, ಕಂಬದ ಮೇಲಿನ ಸಣ್ಣ 5ಜಿ ಸಿಗ್ನಲ್ ಪೆಟ್ಟಿಗೆಗೆ ವರ್ಷಕ್ಕೆ 270 ಡಾಲರ್ ತನಕ ತೆಗೆದುಕೊಂಡರೆ ತಕರಾರಿಲ್ಲ, ಅದಕ್ಕಿಂತ ಜಾಸ್ತಿ ಬೇಕಾದರೆ ಖರ್ಚಿನ ಲೆಕ್ಕ ತೋರಿಸಿ ಅಂದಿತು. ನಗರಗಳು ಕೋರ್ಟಿಗೆ ಹೋದವು, 2020ರಲ್ಲಿ ಶುಲ್ಕದ ವಿಷಯದಲ್ಲಿ ಸೋತವು. ನಮ್ಮಲ್ಲಿ ಅದೇ ತರದ ಪೆಟ್ಟಿಗೆಗೆ 2022ರ ತಿದ್ದುಪಡಿಯಲ್ಲಿ ಇಟ್ಟದ್ದು ನಗರದಲ್ಲಿ ಕಂಬಕ್ಕೆ ವರ್ಷಕ್ಕೆ 300 ರೂಪಾಯಿ! ನನ್ನ ಪ್ರಕಾರ ಇದು ತೀರಾ ಕಮ್ಮಿ. ರಸ್ತೆ ನೋಡಿಕೊಳ್ಳುವ ಊರಿಗೆ ಅದರಿಂದ ಏನಾದರೂ ಬರಬೇಕು. ಆದ್ರೆ ಆ ಜಗಳ ದಿಲ್ಲಿಯಲ್ಲಿ, ನಮ್ಮ ಸಂಸದರ ಮೂಲಕ ಆಗಬೇಕಾದ್ದು. ಪಾಲಿಕೆಯ ಎಂಜಿನಿಯರ್ ಹತ್ತಿರ ಕೂಗಾಡಿ ಪ್ರಯೋಜನ ಇಲ್ಲ.

ಹಾಗಾದರೆ ಪಾಲಿಕೆಯ ಕೈಯಲ್ಲಿ ಎಂತ ಉಂಟು? ರಸ್ತೆ ಮೊದಲಿದ್ದ ಹಾಗೆ ಮಾಡಿಸುವ ಅಧಿಕಾರ ಉಂಟು. ಅದು ಸಣ್ಣದಲ್ಲ. ಕಂಪನಿ ಒಂದೋ ದುರಸ್ತಿಯ ಹಣ ಮುಂಚೆಯೇ ಕಟ್ಟಬೇಕು, ಇಲ್ಲ ತಾನೇ ಸರಿಮಾಡುತ್ತೇನೆ ಅಂತ ಒಪ್ಪಿ ಬ್ಯಾಂಕ್ ಗ್ಯಾರಂಟಿ ಕೊಡಬೇಕು, ಅಂದ್ರೆ ಕಂಪನಿ ಮಾತು ತಪ್ಪಿದರೆ ಹಣ ಬ್ಯಾಂಕ್ ಕೊಡುತ್ತದೆ ಅನ್ನುವ ಪತ್ರ. ಹೇಗೆ ಅಗೆಯುತ್ತಾರೆ, ಎಷ್ಟು ದಿನ, ದಿನದ ಯಾವ ಹೊತ್ತಲ್ಲಿ, ಜನರಿಗೆ ತೊಂದರೆ ಆಗದ ಹಾಗೆ ಏನು ಮಾಡುತ್ತಾರೆ, ಇದೆಲ್ಲ 2016ರ ನಿಯಮದ ಅರ್ಜಿಯಲ್ಲೇ ಬರೆಯಬೇಕಿತ್ತು. ಅಂದ್ರೆ ಕಾಗದದಲ್ಲಿ ಎಲ್ಲ ಇರುತ್ತದೆ. ಅದನ್ನು ತೆಗೆದು ನೋಡುವವರು ಇಲ್ಲ, ಅಷ್ಟೇ.

ನಮ್ಮ ಅಡ್ಡರಸ್ತೆಯ ತಿರುವಿಗೆ ಬಂದು ಒಮ್ಮೆ ಬಗ್ಗಿ ನೋಡಿ. ಇಂಟರ್‌ಲಾಕ್ ಕಲ್ಲು ಕಿತ್ತರು, ಪೈಪ್ ಇಳಿಸಿದರು, ತೆಗೆದ ಕೆಂಪು ಮಣ್ಣನ್ನೇ ವಾಪಸ್ ತುಂಬಿ ಕಾಲಲ್ಲಿ ತುಳಿದು ಮೇಲೆ ಕಲ್ಲು ಜೋಡಿಸಿ ಹೋದರು. ಮಣ್ಣನ್ನು ಸ್ವಲ್ಪ ಸ್ವಲ್ಪವೇ ಹಾಕಿ, ನೀರು ಬಿಟ್ಟು, ಗುದ್ದಿ ಗಟ್ಟಿ ಮಾಡಬೇಕಿತ್ತು, ಅದರ ಮೇಲೆ ಜಲ್ಲಿಪುಡಿ ಹಾಸಬೇಕಿತ್ತು. ಏಪ್ರಿಲಿನಲ್ಲಿ ನೋಡುವಾಗ ಏನೂ ಗೊತ್ತಾಗಲಿಲ್ಲ. ಜೂನ್ ಮಳೆ ಒಂದು ವಾರ ಬಿದ್ದದ್ದೇ ಅಡಿಯ ಮಣ್ಣು ಕುಸಿಯಿತು. ಈಗ ಕಲ್ಲುಗಳು ಒಂದೊಂದು ಒಂದೊಂದು ಕಡೆಗೆ ವಾಲಿವೆ, ಸಂದಿನಿಂದ ಕೆಂಪು ನೀರು ಹರಿದು ತೋಡಿನಲ್ಲಿ ಅರ್ಧ ಮಣ್ಣೇ ತುಂಬಿದೆ. ಐರಿನ್ ಬಾಯಿಯ ಸ್ಕೂಟರ್ ಜಾರಿದ್ದು ಅಲ್ಲೇ ಅಲ್ವಾ. ನಮ್ಮ ಊರಿನ ಮಳೆಗೆ ತಡೆಯದ ದುರಸ್ತಿಯನ್ನು ದುರಸ್ತಿ ಅಂತ ಒಪ್ಪಲೇಬಾರದು. ಅದಕ್ಕೇ ನಾನು ಹೇಳುವುದು, ಒಂದು ಮಳೆಗಾಲ ದಾಟಿ ಎಂಜಿನಿಯರ್ ಬಂದು ನೋಡುವವರೆಗೆ ಬ್ಯಾಂಕ್ ಗ್ಯಾರಂಟಿ ಬಿಡಬೇಡಿ ಅಂತ ಬರವಣಿಗೆಯಲ್ಲಿ ಕೇಳಬೇಕು. ಕಂಪನಿಗೆ ನಿಜವಾಗಿ ಬಿಸಿ ತಟ್ಟುವುದು ಇದರಿಂದ.

ನೀರಿನ ಪೈಪ್ ಒಡೆಯುವ ವಿಷಯವೂ ಉಂಟು. ರಸ್ತೆ ಅಗೆಯದೆ ಮಷಿನ್‌ನಲ್ಲಿ ಅಡ್ಡ ಕೊರೆಯುವುದು ಒಳ್ಳೆಯದೇ, ಆದ್ರೆ ಅಡಿಯಲ್ಲಿ ಏನುಂಟು ಅಂತ ನೋಡದೆ ಕೊರೆದರೆ ತುಂಬೆ ಅಣೆಕಟ್ಟಿನಿಂದ ಬರುವ ಕುಡಿಯುವ ನೀರು ಎಲ್ಲ ರಸ್ತೆಗೆ. ಇದಕ್ಕೆಂದೇ 2023ರ ಮಾರ್ಚ್ 22ರಂದು ಪ್ರಧಾನಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಿಡುಗಡೆ ಮಾಡಿದ್ದಾರೆ. ಅಗೆಯುವವರು ಮೊದಲೇ ಅದರಲ್ಲಿ ತಿಳಿಸಿದರೆ, ಆ ಜಾಗದಡಿ ಕೇಬಲ್, ಪೈಪ್ ಇಟ್ಟವರಿಗೆ ಎಸ್‌ಎಂಎಸ್ ಹೋಗುತ್ತದೆ. ನಮ್ಮ ಕೆಲಸಕ್ಕೆ ತಿಳಿಸಿದ್ದರಾ ಅಂತ ಕೇಳೋಣ.

ಕಂಬದಿಂದ ಕಂಬಕ್ಕೆ ಜೋತುಬಿದ್ದ ಕೇಬಲ್ ಬೇರೆ ಕಥೆ. ಅದು ವಿದ್ಯುತ್ ಕಂಬ, ಕಂಬದ ಒಡೆಯರನ್ನೇ ಕೇಳಬೇಕು. ಈ ಅರ್ಜಿಗೆ ಅದನ್ನು ಸೇರಿಸುವುದು ಬೇಡ. ಹಾಗೇ ನಂತೂರು, ಪಂಪ್‌ವೆಲ್ ಕಡೆಯ ಹೆದ್ದಾರಿಯ ದೂರು ಹೆದ್ದಾರಿ ಪ್ರಾಧಿಕಾರಕ್ಕೆ. ನಮ್ಮದು ಪಾಲಿಕೆ ರಸ್ತೆಯ ವಿಷಯ ಮಾತ್ರ.

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅನುಮತಿ ಪತ್ರ, ಅದರ ಷರತ್ತು, ಬ್ಯಾಂಕ್ ಗ್ಯಾರಂಟಿಯ ಪ್ರತಿ ಕೇಳುತ್ತೇನೆ, 30 ದಿನದಲ್ಲಿ ಉತ್ತರ ಬರಬೇಕು. ಅರ್ಜಿ ನಾನು ಬರೆಯುತ್ತೇನೆ. ಸುರೇಶಣ್ಣ, ಅಗೆಯುವಾಗ ನೀವು ತೆಗೆದ ವಿಡಿಯೊ ಡಿಲೀಟ್ ಮಾಡಬೇಡಿ, ದಿನಾಂಕ ಕಾಣುವ ಹಾಗೆ ನನಗೆ ಕಳಿಸಿ. ಐರಿನ್ ಬಾಯಿ, ಆಸ್ಪತ್ರೆಯ ಚೀಟಿ ಇದ್ದರೆ ಅದೂ ಬೇಕು. ಉಳಿದವರು ನಿಮ್ಮ ನಿಮ್ಮ ಗೇಟಿನ ಎದುರು ಕಲ್ಲು ಕುಸಿದಿದ್ದರೆ ಮನೆ ಕಾಣುವ ಹಾಗೆ ಒಂದು ಫೋಟೊ ತೆಗೆದು ಗ್ರೂಪಿಗೇ ಹಾಕಿ.